ಸ್ಯಾಟರ್ನ್ ಸತ್ತಿದ್ದಲ್ಲ, ಸಾಯಿಸಿದ್ದು

ಟೀಮ್ ಲೀಡ್‌ನಿಂದ ಮ್ಯಾನೇಜರ್ ಆಗೋ ಹೊಸ್ತಿಲಲ್ಲಿ ಇರುವವರನ್ನು ಕಂಪನಿಗಳು ಎರಡು ದಿನ ರೆಸಾರ್ಟಿಗೆ ಕರ್ಕೊಂಡು ಹೋಗಿ ಟ್ರೇನಿಂಗ್ ಕೊಡುತ್ತವಲ್ಲ, ಅಲ್ಲಿ ನಿಮಗೂ ಈ ಕಥೆ ಹೇಳಿರಬಹುದು. ಅಮೆರಿಕದಲ್ಲಿ ಸ್ಯಾಟರ್ನ್ ಅಂತ ಒಂದು ಕಾರು ಇತ್ತು. ಜನರಲ್ ಮೋಟಾರ್ಸ್ ಅದಕ್ಕೆ ದುಡ್ಡು ಸುರಿಯಿತು, ಗಿರಾಕಿಗಳು ತಲೆ ಮೇಲೆ ಹೊತ್ತು ಮೆರೆಸಿದರು, ಆದರೂ 20 ವರ್ಷದಲ್ಲಿ ಮುಚ್ಚಿಹೋಯ್ತು. ಸ್ಲೈಡಿನ ಕೊನೇ ಸಾಲಿನಲ್ಲಿ ನೀತಿಪಾಠ ಇರುತ್ತೆ: ಕಾರ್ಮಿಕ ಸಂಘವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪನಿ ನಡೆಸೋಕಾಗಲ್ಲ. ಇದರದ್ದೇ ಇನ್ನೊಂದು ವರಸೆಯೂ ಉಂಟು: ಜಾಹೀರಾತು ಚೆನ್ನಾಗಿತ್ತು, ಕಾರು ಚೆನ್ನಾಗಿರಲಿಲ್ಲ, ಮಾರುಕಟ್ಟೆ ತೀರ್ಪು ಕೊಡ್ತು.

ಎರಡನ್ನೂ ನಾನು ಒಪ್ಪಲ್ಲ. ಸ್ಯಾಟರ್ನ್ ಮಾರುಕಟ್ಟೆಯಲ್ಲಿ ಸೋತು ಸಾಯಲಿಲ್ಲ. ಹೆತ್ತ ಮನೆಯವರೇ ಅನ್ನ ಹಾಕದೆ ಸಾಯಿಸಿದರು. ಒಳ್ಳೆ ರೀತಿಯಲ್ಲಿ ಕೆಲಸ ಮಾಡೋದನ್ನು ಒಂದು ದೊಡ್ಡ ಕಂಪನಿ ತನ್ನ ಒಂದು ಮೂಲೆಗೆ ಮಾತ್ರ ಬಿಟ್ಟುಕೊಟ್ಟರೆ, ಉಳಿದ ಕಂಪನಿ ಆ ಮೂಲೆಯನ್ನು ಬದುಕಲು ಬಿಡಲ್ಲ. ಸ್ಯಾಟರ್ನ್ ಕಥೆಯಿಂದ ಕಲಿಯೋದಿದ್ದರೆ ಇದನ್ನ ಕಲಿಯಬೇಕು. ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯೋ ನಮಗೆ ಅಮೆರಿಕದ ಹಳೇ ಕಾರಿನ ಉಸಾಬರಿ ಯಾಕೆ ಅಂತೀರಾ? ಸ್ವಲ್ಪ ತಾಳಿ, ಬರ್ತೀನಿ.

ಮೊದಲು ಹುಟ್ಟಿನ ಕಥೆ. 1980ರ ಹೊತ್ತಿಗೆ ಚಿಕ್ಕ ಕಾರು ಮಾಡಿ ಲಾಭ ಮಾಡೋ ವಿದ್ಯೆ ಅಮೆರಿಕದ ದೊಡ್ಡ ಕಂಪನಿಗಳಿಗೆ ಒಲಿದಿರಲಿಲ್ಲ. ಜಪಾನಿನವರು ಹಡಗಿನಲ್ಲಿ ಕಾರು ತಂದು ಮಾರುತ್ತಿದ್ದವರು, 1982ರಲ್ಲಿ ಹೋಂಡಾ ಓಹಾಯೋ ರಾಜ್ಯದ ಮೇರಿಸ್ವಿಲ್‌ನಲ್ಲಿ ಕಾರ್ಖಾನೆಯನ್ನೇ ತೆಗೆದು, ಅಮೆರಿಕನ್ನರ ಕೈಲೇ ಕಾರು ಮಾಡಿಸಲು ಶುರು ಮಾಡಿತು. ಜಿಎಂ ಆಗ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ. ಅದರ ಅಧ್ಯಕ್ಷ ರೋಜರ್ ಸ್ಮಿತ್‌ಗೆ ಒಂದು ವಿಷಯ ಅರ್ಥವಾಗಿತ್ತು. ಈ ಹಳೇ ಮನೆಯಲ್ಲಿ, ಈ ಹಳೇ ಅಭ್ಯಾಸಗಳ ನಡುವೆ ಹೊಸ ಥರದ ಕಾರು ಹುಟ್ಟಲ್ಲ. ಅದಕ್ಕೇ 1983ರಲ್ಲಿ ಸ್ಯಾಟರ್ನ್ ಯೋಜನೆ ಘೋಷಣೆ ಆಯ್ತು, 1985ರ ಜನವರಿಯಲ್ಲಿ ಅದು ಪ್ರತ್ಯೇಕ ಕಂಪನಿ ಆಯ್ತು. ಘೋಷಿಸಿದ ಯೋಜನೆಯ ಗಾತ್ರ 5 ಬಿಲಿಯನ್ ಡಾಲರ್.

ಈ ಕಂಪನಿಯನ್ನು ಕಾಗದದ ಮೇಲೆ ಬರೆದವರು ಯಾರೋ ಕನ್ಸಲ್ಟೆಂಟುಗಳಲ್ಲ. 1984ರಲ್ಲಿ ಜಿಎಂ ಮತ್ತು ಕಾರ್ಮಿಕ ಸಂಘ ಯುಎಡಬ್ಲ್ಯೂ ಸೇರಿ 99 ಜನರ ಒಂದು ಗುಂಪು ಮಾಡಿದವು. ಅದರಲ್ಲಿ ಮ್ಯಾನೇಜರುಗಳಿದ್ದರು, ಲೈನಿನಲ್ಲಿ ನಿಂತು ನಟ್ಟು ತಿರುಗಿಸುವವರೂ ಇದ್ದರು. ಇವರು ಬೇರೆ ಬೇರೆ ಕಾರ್ಖಾನೆ ಸುತ್ತಿ, ಎಲ್ಲಿ ಏನು ಸರಿಯಾಗಿ ನಡೀತಿದೆ ಅಂತ ನೋಡಿಕೊಂಡು ಬಂದರು. ಸಂಘದ ಕಡೆಯಿಂದ ಇದರ ಬೆನ್ನಿಗೆ ನಿಂತವರು ಡಾನ್ ಎಫ್ಲಿನ್. ಕೊನೆಗೆ ಬಂದ ಒಪ್ಪಂದ ಅಮೆರಿಕದ ಕಾರು ಉದ್ಯಮ ಅದುವರೆಗೆ ಕಂಡಿರದಂಥದ್ದು. ಗಂಟೆ ಲೆಕ್ಕದ ಕೂಲಿ ಇಲ್ಲ, ಸಂಬಳ. ಆ ಸಂಬಳದ ಒಂದು ಭಾಗ ಗುಣಮಟ್ಟಕ್ಕೂ ಉತ್ಪಾದನೆಗೂ ತಳಕು ಹಾಕಿದ್ದು, ಅಂದರೆ ಕಂಪನಿ ಗೆದ್ದರೆ ಹೆಚ್ಚು, ಸೋತರೆ ಕಡಿಮೆ. ‘ಅದು ನನ್ನ ಕೆಲಸ ಅಲ್ಲ’ ಅಂತ ಕೈ ಕಟ್ಟಿ ನಿಲ್ಲೋಕೆ ದಾರಿ ಮಾಡಿಕೊಡುತ್ತಿದ್ದ ನೂರೆಂಟು ಹುದ್ದೆಗಳ ಬದಲು ಬೆರಳೆಣಿಕೆಯ ಹುದ್ದೆಗಳು. ಶೇಕಡಾ 80 ಮಂದಿಗೆ, ಮಹಾ ವಿಪತ್ತು ಬಂದರೆ ಹೊರತು ಕೆಲಸದಿಂದ ತೆಗೆಯಲ್ಲ ಅನ್ನೋ ಭರವಸೆ. ಮತ್ತು ಪ್ರತಿ ಹಂತದಲ್ಲೂ ಮ್ಯಾನೇಜರ್ ಪಕ್ಕ ಸಂಘದ ಪ್ರತಿನಿಧಿ, ತೀರ್ಮಾನ ಇಬ್ಬರದ್ದೂ.

ಕಾರ್ಖಾನೆಗೆ ಆರಿಸಿದ ಜಾಗ ಟೆನೆಸಿ ರಾಜ್ಯದ ಸ್ಪ್ರಿಂಗ್ ಹಿಲ್. ಆಗ ಸಾವಿರ ಚಿಲ್ಲರೆ ಜನರಿದ್ದ ಊರು, ಸುತ್ತ ಹೊಲ, ಹುಲ್ಲುಗಾವಲು. ಬೇರೆ ರಾಜ್ಯಗಳ ಜಿಎಂ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ್ದವರು ಮನೆಮಠ ಬಿಟ್ಟು, ಮಕ್ಕಳನ್ನ ಕಟ್ಟಿಕೊಂಡು ಇಲ್ಲಿಗೆ ಬಂದರು. 1990ರ ಜುಲೈ 30ರಂದು ರೋಜರ್ ಸ್ಮಿತ್ ಮತ್ತು ಸಂಘದ ಅಧ್ಯಕ್ಷ ಓವನ್ ಬೀಬರ್ ಒಟ್ಟಿಗೆ ಕೂತು ಮೊದಲ ಕಾರನ್ನು ಲೈನಿನಿಂದ ಆಚೆ ತಂದರು. ಅದರ ಬೆನ್ನಿಗೇ ಸ್ಮಿತ್ ನಿವೃತ್ತರಾದರು. ಈ ವಿವರ ನೆನಪಿಟ್ಟುಕೊಳ್ಳಿ. ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಪ್ರಾಡಕ್ಟ್ ಲಾಂಚ್ ಆದ ವಾರವೇ ಅದರ ಸ್ಪಾನ್ಸರ್ ಮನೆಗೆ ಹೋದ.

ಈಗ ಕಾರಿನ ವಿಷಯ. ನನಗೆ ಇದು ಬರೀ ಓದಿದ ಕಥೆಯಲ್ಲ. 2008ರಲ್ಲಿ ಆನ್‌ಸೈಟ್ ಅಂತ ಓಹಾಯೋಗೆ ಹೋದಾಗ ನಾನು ತಗೊಂಡ ಮೊದಲ ಕಾರು 1999ರ ಸ್ಯಾಟರ್ನ್ ಎಸ್‌ಎಲ್2. ಸೆಕೆಂಡ್ ಹ್ಯಾಂಡ್, 2,200 ಡಾಲರ್. ನನ್ನ ರೂಮ್‌ಮೇಟ್ ಹಾಸನದವನು, ಅವನೇ ತೋರಿಸಿದ್ದು. ‘ಮಗಾ, ಕಣ್ಣು ಮುಚ್ಕೊಂಡು ತಗೋ, ಇದರ ಡೋರಿಗೆ ತುಕ್ಕು ಹಿಡಿಯಲ್ಲ ಕಣೋ, ಪ್ಲಾಸ್ಟಿಕ್ಕು’ ಅಂದ. ನಿಜಾನೇ. ಒಳಗೆ ಉಕ್ಕಿನ ಚೌಕಟ್ಟು, ಬಾಗಿಲು ಮತ್ತು ಫೆಂಡರ್‌ಗೆ ಪಾಲಿಮರ್ ಹೊದಿಕೆ. ಬಾನೆಟ್ಟು, ಟಾಪು, ಡಿಕ್ಕಿ ಮುಚ್ಚಳ ಮಾತ್ರ ತಗಡು. ಅಂಗಡಿ ಪಾರ್ಕಿಂಗಿನಲ್ಲಿ ಯಾರದ್ದೋ ತಳ್ಳುಗಾಡಿ ಉರುಳಿಕೊಂಡು ಬಂದು ಡೋರಿಗೆ ಗುದ್ದಿದರೆ, ಒಳಗೆ ಹೋದ ಹೊದಿಕೆ ಪಟ್ ಅಂತ ವಾಪಸ್ ಬರ್ತಿತ್ತು. ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯೋ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಅಲ್ಲಿ ಹತ್ತು ವರ್ಷದ ಕಾರುಗಳ ಅಂಚು ಹಪ್ಪಳದ ಥರ ಉದುರುತ್ತೆ.

ಹಾಗಂತ ಅದು ಮಹಾ ಕಾರೇನೂ ಆಗಿರಲಿಲ್ಲ. ಎಸ್-ಸೀರೀಸ್ ಇಟ್ಟುಕೊಂಡಿದ್ದ ಯಾರನ್ನ ಕೇಳಿದರೂ ಇದೇ ಪಟ್ಟಿ ಹೇಳ್ತಾರೆ. ಮೈಲೇಜು ಚೆನ್ನಾಗಿದೆ, ಬಿಡಿಭಾಗ ಅಗ್ಗ, ರಿಪೇರಿ ಸುಲಭ. 1.9 ಲೀಟರ್ ಇಂಜಿನ್ನು ಏರುದಾರಿಯಲ್ಲಿ ಮಿಕ್ಸಿ ಥರ ಕೂಗುತ್ತೆ, ವಯಸ್ಸಾದ ಮೇಲೆ ಆಯಿಲ್ ಕುಡಿಯುತ್ತೆ. ಬಿಸಿಲಿಗೆ ಪಾಲಿಮರ್ ಹಿಗ್ಗುತ್ತೆ ಅಂತ ಹೊದಿಕೆಗಳ ನಡುವೆ ಬಿಟ್ಟ ಸಂದು ಕಣ್ಣಿಗೆ ಹೊಡೆಯುತ್ತೆ. ಸೀಟು ತಗ್ಗು. ಹೋಂಡಾ ಸಿವಿಕ್ ಪಕ್ಕ ನಿಲ್ಲಿಸಿದರೆ ಸಿವಿಕ್ಕೇ ನಯ. ‘ಕಾರು ಚೆನ್ನಾಗಿರಲಿಲ್ಲ’ ಅನ್ನೋ ಸ್ಲೈಡಿನವರಿಗೆ ಇಷ್ಟರಮಟ್ಟಿಗೆ ನಾನು ಬಿಟ್ಟುಕೊಡ್ತೀನಿ.

ಆದರೆ ಜನ ಸ್ಯಾಟರ್ನ್‌ಗೆ ಮನಸೋತಿದ್ದು ಕಾರು ನೋಡಿ ಮಾತ್ರ ಅಲ್ಲ, ಅದನ್ನ ಮಾರಿದ ರೀತಿ ನೋಡಿ. ನಮ್ಮ ಕಡೆ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡೋದನ್ನ ನೋಡಿ ಬೆಳೆದವನು ನಾನು. ಜೋಡಿ ಎತ್ತು ಎಷ್ಟಕ್ಕೆ ಕುದುರಿತು ಅಂತ ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲ್ಲ. ಅಮೆರಿಕದ ಕಾರು ಡೀಲರ್ ಹತ್ತಿರವೂ ಅದೇ ಕಥೆ, ಟವೆಲ್ ಒಂದು ಇರಲ್ಲ ಅಷ್ಟೇ. ಹಾಕಿರೋ ಬೆಲೆ ಒಂದು, ಹೇಳೋ ಬೆಲೆ ಇನ್ನೊಂದು. ಸೇಲ್ಸ್‌ನವನು ‘ಮ್ಯಾನೇಜರ್‌ನ ಕೇಳ್ಕೊಂಡು ಬರ್ತೀನಿ’ ಅಂತ ಒಳಗೆ ಹೋಗಿ ನಿಮ್ಮನ್ನ ಅರ್ಧ ಗಂಟೆ ಬೇಯಿಸ್ತಾನೆ. ಚೌಕಾಸಿ ಬಲ್ಲವನಿಗೆ ಒಂದು ಬೆಲೆ, ಬಾರದವನಿಗೆ ಇನ್ನೊಂದು.

ಸ್ಯಾಟರ್ನ್ ಇದನ್ನ ಕಿತ್ತು ಹಾಕಿತು. ಬೋರ್ಡಿನ ಮೇಲಿರೋದೇ ಬೆಲೆ. ಮೊದಲ ವರ್ಷದ ಅತಿ ಅಗ್ಗದ ಮಾದರಿಗೆ 7,995 ಡಾಲರ್ ಅಂದರೆ ಎಲ್ಲರಿಗೂ ಅಷ್ಟೇ. ಕಾರು ಇಷ್ಟ ಆಗಲಿಲ್ಲವಾ, 30 ದಿನ ಅಥವಾ 1,500 ಮೈಲಿ ಒಳಗೆ ವಾಪಸ್ ಕೊಡಿ. ಕೀ ಕೊಡುವಾಗ ಅಂಗಡಿಯವರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ ಫೋಟೋ ತೆಗೀತಿದ್ದರು. ಕೊನೆಯದನ್ನ ನಾಟಕ ಅಂತ ಬೇಕಾದ್ರೆ ನಗಿ. ಮೊದಲೆರಡು ನಾಟಕ ಅಲ್ಲ, ಗಿರಾಕಿಯ ಜೇಬಿಗೆ ಕೈ ಹಾಕದೇ ಇರೋ ತೀರ್ಮಾನ.

ಅದು ಬಾಯಿಮಾತೋ ಅಲ್ಲವೋ ಅನ್ನೋ ಪರೀಕ್ಷೆ ಬೇಗ ಬಂತು. 1991ರಲ್ಲಿ ಹೊರಗಿನ ಪೂರೈಕೆದಾರರಿಂದ ಬಂದ ಕೂಲೆಂಟ್ ಕೆಟ್ಟದ್ದು ಅಂತ ಗೊತ್ತಾಯ್ತು, ಅದು ಇಂಜಿನ್ನನ್ನ ಒಳಗಿಂದ ತಿಂತಿತ್ತು. ಅದು ಹೋಗಿ ಸೇರಿದ್ದು 1,836 ಕಾರುಗಳಿಗೆ. ಕೂಲೆಂಟ್ ತೊಳೆದು ಬೇರೆ ತುಂಬಿಸಿ, ಬೇಕಾದರೆ ಇಂಜಿನ್ ಬದಲಿಸಿ ಕಳಿಸಬಹುದಿತ್ತು. ಸ್ಯಾಟರ್ನ್ ಅಷ್ಟೂ ಜನರಿಗೆ ಬೇರೆ ಹೊಸ ಕಾರೇ ಕೊಟ್ಟಿತು. 1993ರಲ್ಲಿ ಆಲ್ಟರ್ನೇಟರ್ ವೈರಿಂಗಿಗೆ ಬೆಂಕಿ ಹತ್ತಬಹುದು ಅಂತ ಸುಮಾರು 3.5 ಲಕ್ಷ ಕಾರು ವಾಪಸ್ ಕರೆದಾಗ, ಎಷ್ಟೋ ಅಂಗಡಿಯವರು ಊಟ ಹಾಕಿಸಿ, ಕಾರು ತೊಳೆಸಿ ಕಳಿಸಿದರು. ಅಲಾಸ್ಕಾದಲ್ಲಿದ್ದ ಒಬ್ಬ ಗಿರಾಕಿಯ ಕಾರಿನ ಸೀಟು ಬದಲಿಸೋಕೆ ಅಲ್ಲಿಗೇ ಮೆಕ್ಯಾನಿಕ್ಕನ್ನ ಕಳಿಸಿದ್ದು ಅವರ ಜಾಹೀರಾತೇ ಆಯ್ತು.

ಫಲ ಏನು? 1992ರ ಜೆ.ಡಿ. ಪವರ್ ಸಮೀಕ್ಷೆಯಲ್ಲಿ ಗಿರಾಕಿಗಳ ತೃಪ್ತಿಯಲ್ಲಿ ಸ್ಯಾಟರ್ನ್‌ಗಿಂತ ಮುಂದಿದ್ದವು ಲೆಕ್ಸಸ್ ಮತ್ತು ಇನ್ಫಿನಿಟಿ ಮಾತ್ರ. ಎರಡೂ ಶ್ರೀಮಂತರ ಕಾರು. 1993ರಲ್ಲಿ ಕಂಪನಿ ಮೊದಲ ಸಲ ಲಾಭ ತೋರಿಸಿತು. 1994ರಲ್ಲಿ ಸುಮಾರು 2.86 ಲಕ್ಷ ಕಾರು ಮಾರಿತು. ಅದೇ ವರ್ಷ ಜೂನ್‌ನಲ್ಲಿ ‘ತವರಿಗೆ ಬನ್ನಿ’ ಅಂತ ಮಾಲೀಕರನ್ನೆಲ್ಲ ಸ್ಪ್ರಿಂಗ್ ಹಿಲ್‌ಗೆ ಕರೆದರೆ ಸುಮಾರು 40 ಸಾವಿರ ಜನ ತಮ್ಮ ಖರ್ಚಿನಲ್ಲಿ ಕಾರು ಓಡಿಸಿಕೊಂಡು ಬಂದರು. ತಾವು ಓಡಿಸೋ ಕಾರನ್ನ ಮಾಡಿದವರ ಕೈ ಕುಲುಕೋಕೆ! ನಮ್ಮಲ್ಲಿ ಎಷ್ಟು ಸಾಫ್ಟ್‌ವೇರ್‌ಗೆ ಇಂಥ ಭಾಗ್ಯ ಬಂದಿದೆ ಹೇಳಿ.

ಇಲ್ಲಿಂದ ಮುಂದೆ ನನ್ನ ಆರೋಪಪಟ್ಟಿ.

1994ರಲ್ಲಿ ಇಷ್ಟು ಪ್ರೀತಿ ಕೈಯಲ್ಲಿತ್ತು. ಮೊದಲ ಕಾರು ಕೊಂಡ ಹುಡುಗ ಹುಡುಗಿಯರಿಗೆ ಮದುವೆ ಆಯ್ತು, ಮಕ್ಕಳಾದವು. ಅವರಿಗೆ ಈಗ ದೊಡ್ಡ ಕಾರು ಬೇಕು, ಸ್ಯಾಟರ್ನ್‌ನಲ್ಲೇ ಬೇಕು. ಅಂಗಡಿಗೆ ಹೋದರೆ ಇರೋದು ಅದೇ ಚಿಕ್ಕ ಕಾರು. ಅಮೆರಿಕಕ್ಕೆ ಎಸ್‌ಯುವಿ ಹುಚ್ಚು ಹತ್ತಿದ ಕಾಲ ಅದು. ಸ್ಯಾಟರ್ನ್‌ನ ಎರಡನೇ ಕಾರು ಎಲ್-ಸೀರೀಸ್ ಬಂದಿದ್ದು 1999ರಲ್ಲಿ. ಅದೂ ಯುರೋಪಿನ ಒಪೆಲ್ ವೆಕ್ಟ್ರಾದ ಅಡಿಪಾಯದ ಮೇಲೆ, ಸ್ಪ್ರಿಂಗ್ ಹಿಲ್‌ನಲ್ಲಲ್ಲ, ಡೆಲವೇರ್‌ನ ಜಿಎಂ ಕಾರ್ಖಾನೆಯಲ್ಲಿ ಮಾಡಿದ್ದು. ಎಸ್‌ಯುವಿ ಬಂದಿದ್ದು 2002ರ ಮಾದರಿಯಾಗಿ. ಮೊದಲ ಚಿಕ್ಕ ಕಾರನ್ನು ಒಂದೇ ಮೂಲ ವಿನ್ಯಾಸದಲ್ಲಿ 2002ರ ತನಕ ಎಳೆದರು. ಹನ್ನೆರಡು ವರ್ಷ! ಅಷ್ಟರಲ್ಲಿ ಹೋಂಡಾ ಸಿವಿಕ್ ಎರಡು ಮೂರು ಸಲ ಪೂರ್ತಿ ಬದಲಾಗಿತ್ತು.

ಯಾಕೆ ಹೀಗೆ? 1992ರಲ್ಲಿ ಜಿಎಂ 23.5 ಬಿಲಿಯನ್ ಡಾಲರ್ ನಷ್ಟ ತೋರಿಸಿತು, ಆಗಿನ ಮಟ್ಟಿಗೆ ದಾಖಲೆ. ಅದರ ದೊಡ್ಡ ಪಾಲು ನಿವೃತ್ತರ ಆರೋಗ್ಯ ಖರ್ಚಿನ ಲೆಕ್ಕ ಬರೆಯೋ ಕ್ರಮ ಬದಲಾಗಿದ್ದರಿಂದ ಬಂದದ್ದು. ಇರಲಿ, ಮನೆಯಲ್ಲಿ ದುಡ್ಡಿಗೆ ತಾಪತ್ರಯ ಇತ್ತು, ಒಪ್ಪೋಣ. ಆದರೆ ಕಷ್ಟ ಬಂದಾಗ ಯಾವ ತಟ್ಟೆಯಿಂದ ಮೊದಲು ತುತ್ತು ಕಸಿಯುತ್ತೀರಿ ಅನ್ನೋದರಲ್ಲೇ ಮನಸ್ಸು ಗೊತ್ತಾಗುತ್ತೆ. ಷೆವರ್ಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್ ವಿಭಾಗಗಳ ದೊರೆಗಳಿಗೆ ಸ್ಯಾಟರ್ನ್ ಮೊದಲ ದಿನದಿಂದಲೂ ಕಣ್ಣುರಿ: ನಮ್ಮ ದುಡ್ಡಲ್ಲಿ ಇವರ ಜಾತ್ರೆ ಅಂತ. ಸ್ಮಿತ್ ಹೋದ ಮೇಲೆ ಸ್ಯಾಟರ್ನ್ ಪರವಾಗಿ ಮೇಲಿನ ಕೋಣೆಯಲ್ಲಿ ಜಗಳ ಆಡೋಕೆ ಯಾರೂ ಉಳಿದಿರಲಿಲ್ಲ. ಒಂದೊಂದಾಗಿ ಇಂಜಿನಿಯರಿಂಗ್, ಖರೀದಿ, ವಿನ್ಯಾಸದ ತೀರ್ಮಾನಗಳು ಕೇಂದ್ರಕ್ಕೆ ಹೋದವು. ಸಂಘದ ಒಳಗೂ ಇದೇ ಆಯ್ತು. ಎಫ್ಲಿನ್ ಹೋದರು, ಸ್ಯಾಟರ್ನ್ ಒಪ್ಪಂದವನ್ನ ಅಪಾಯ ಅಂತ ನೋಡುತ್ತಿದ್ದ ಸ್ಟೀಫನ್ ಯೋಕಿಚ್ 1995ರಲ್ಲಿ ಸಂಘದ ಅಧ್ಯಕ್ಷರಾದರು. ಹಳೇ ಕಂಪನಿ, ಹಳೇ ಸಂಘ, ಎರಡಕ್ಕೂ ಈ ಮಗು ಬೇಡವಾಗಿತ್ತು.

ಮಾರುಕಟ್ಟೆ ತೀರ್ಪು ಕೊಟ್ಟಿತು ಅನ್ನೋರಿಗೆ ಒಂದು ಪ್ರಶ್ನೆ. ಹೊಸ ಕಾರು ಬರದ ವರ್ಷಗಳಲ್ಲಿ ಮಾರಾಟ ಇಳಿಯುತ್ತಾ ಹೋಯ್ತು, ಸರಿ. ವ್ಯೂ ಅನ್ನೋ ಎಸ್‌ಯುವಿ ಬಂದ 2002ರಲ್ಲಿ ಮಾರಾಟ ಮತ್ತೆ ಮೇಲೇರಿತಲ್ಲ, ಅದು ಯಾರ ತೀರ್ಪು? ಗಿರಾಕಿ ಬಾಗಿಲಲ್ಲೇ ನಿಂತಿದ್ದ. ಅಂಗಡಿಯಲ್ಲಿ ಸರಕು ಇರಲಿಲ್ಲ.

ಕೆಲಸಗಾರರಿಂದ ಹಾಳಾಯ್ತು ಅನ್ನೋರಿಗೂ ಒಂದು ಮಾತು. 1991ರ ಅಕ್ಟೋಬರ್‌ನಲ್ಲಿ ಜಿಎಂ ಅಧ್ಯಕ್ಷ ರಾಬರ್ಟ್ ಸ್ಟೆಂಪೆಲ್ ಸ್ಪ್ರಿಂಗ್ ಹಿಲ್‌ಗೆ ಬಂದಾಗ ಲೈನಿನ ಕೆಲಸಗಾರರು ತೋಳಿಗೆ ಪಟ್ಟಿ ಕಟ್ಟಿಕೊಂಡು ಪ್ರತಿಭಟಿಸಿದರು. ಸಂಬಳಕ್ಕಲ್ಲ, ರಜೆಗಲ್ಲ. ಉತ್ಪಾದನೆ ಜಾಸ್ತಿ ಮಾಡಿ ಅಂತ ಒತ್ತಡ ಹಾಕಿದರೆ ಗುಣಮಟ್ಟ ಕೆಡುತ್ತೆ ಅಂತ! ಡೆಡ್‌ಲೈನಿಗಾಗಿ ಟೆಸ್ಟಿಂಗ್ ಮೊಟಕು ಮಾಡಿ ರಿಲೀಸ್ ಮಾಡಿದವರು ನಾವು. ನಮ್ಮಲ್ಲಿ ಯಾರಾದರೂ ಸಿಇಒ ಬಂದಾಗ ತೋಳಿಗೆ ಪಟ್ಟಿ ಕಟ್ಟಿದ್ದೀವಾ? ಇನ್ನೊಂದು ಸಾಕ್ಷಿ ಬೇಕಾದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನೋಡಿ. ಕೆಲಸಗಾರರು ಸರಿಯಿಲ್ಲ ಅಂತ ಹೆಸರು ಕೆಟ್ಟಿದ್ದ ಜಿಎಂ ಕಾರ್ಖಾನೆ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಅಲ್ಲಿಗೆ ಬಂದು ಜಿಎಂ ಜೊತೆ ಜಂಟಿಯಾಗಿ ಬಾಗಿಲು ತೆಗೆದಾಗ ಹೆಚ್ಚಿನಂಶ ಅದೇ ಜನರನ್ನೇ, ಅದೇ ಸಂಘದವರನ್ನೇ ವಾಪಸ್ ತಗೊಂಡಿತು. ಅದೇ ಕೈಗಳು ಜಪಾನಿಗೆ ಸರಿಸಾಟಿಯಾಗಿ ಕಾರು ಮಾಡಿದವು. ಜನ ಅವರೇ. ಬದಲಾಗಿದ್ದು ಅವರನ್ನ ನಡೆಸಿಕೊಂಡ ರೀತಿ. 2004ರಲ್ಲಿ ಸ್ಯಾಟರ್ನ್‌ನ ವಿಶೇಷ ಒಪ್ಪಂದವೇ ಹೋಗಿ, ಸ್ಪ್ರಿಂಗ್ ಹಿಲ್ ಕೂಡ ಜಿಎಂನ ಮಾಮೂಲಿ ಒಪ್ಪಂದದ ಅಡಿಗೆ ಬಂತು. ಸಂಘ ಪಕ್ಕದಲ್ಲಿ ಕೂತಿದ್ದ ಕಾಲ ಸ್ಯಾಟರ್ನ್‌ನ ಒಳ್ಳೇ ಕಾಲ. ಆ ಕುರ್ಚಿ ತೆಗೆದ ಮೇಲೆ ಏನೂ ಉದ್ಧಾರ ಆಗಲಿಲ್ಲ.

ನನ್ನ ದೊಡ್ಡ ಆರೋಪ ಇನ್ನೂ ಇದೆ. 2003ರ ಮಾದರಿಯಾಗಿ ಎಸ್-ಸೀರೀಸ್ ಜಾಗಕ್ಕೆ ಅಯಾನ್ ಅನ್ನೋ ಕಾರು ಬಂತು. ಹೆಸರು ಸ್ಯಾಟರ್ನ್, ಬುದ್ಧಿ ಜಿಎಂ. ಅದರ ಕೀ ತಿರುಗಿಸೋ ಇಗ್ನಿಷನ್ ಸ್ವಿಚ್ ಸಡಿಲ. ಭಾರದ ಕೀ ಗೊಂಚಲು ಜೋತುಬಿದ್ದರೆ ಅಥವಾ ಮೊಣಕಾಲು ತಗುಲಿದರೆ ಓಡುತ್ತಿರೋ ಕಾರಿನ ಇಂಜಿನ್ ಆಫ್ ಆಗಬಹುದು. ಇಂಜಿನ್ ಆಫ್ ಆದರೆ ಪವರ್ ಸ್ಟೀರಿಂಗ್ ಹೋಯ್ತು, ಬ್ರೇಕಿನ ಬಲ ಹೋಯ್ತು, ಗುದ್ದಿದರೆ ಏರ್‌ಬ್ಯಾಗೂ ತೆರೆಯಲ್ಲ. ಅಯಾನ್ ಮಾರುಕಟ್ಟೆಗೆ ಬರೋ ಮೊದಲೇ, 2001ರಲ್ಲೇ, ಈ ದೋಷ ಜಿಎಂ ಇಂಜಿನಿಯರುಗಳ ಕಣ್ಣಿಗೆ ಬಿದ್ದಿತ್ತು. ಅದೇ ಸ್ವಿಚ್ ಷೆವರ್ಲೆ ಕೋಬಾಲ್ಟ್‌ಗೂ ಹೋಯ್ತು. 2006ರಲ್ಲಿ ಸ್ವಿಚ್ಚಿನ ಒಳಗಿನ ಸ್ಪ್ರಿಂಗ್ ಗಟ್ಟಿ ಮಾಡಿದರು, ಆದರೆ ಬಿಡಿಭಾಗದ ನಂಬರ್ ಬದಲಿಸಲಿಲ್ಲ.

ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಪ್ರೊಡಕ್ಷನ್‌ನಲ್ಲಿ ಓಡ್ತಿರೋ ಕೋಡನ್ನ ಗುಟ್ಟಾಗಿ ತಿದ್ದಿ, ವರ್ಷನ್ ನಂಬರ್ ಹಾಗೇ ಬಿಟ್ಟ ಹಾಗೆ. ಮುಂದೆ ತನಿಖೆ ಮಾಡಿದವರಿಗೆ ಹಳೇ ಕಾರಿನಲ್ಲಿ ಇರೋ ತೊಂದರೆ ಹೊಸದರಲ್ಲಿ ಯಾಕಿಲ್ಲ ಅಂತ ವರ್ಷಗಟ್ಟಲೆ ತಿಳಿಯಲಿಲ್ಲ. ಕಾಗದದ ಮೇಲೆ ಎರಡೂ ಒಂದೇ ಸ್ವಿಚ್ಚು. 2014ರಲ್ಲಿ ಕೊನೆಗೂ ಸುಮಾರು 26 ಲಕ್ಷ ಕಾರು ವಾಪಸ್ ಕರೆದರು. ಅಷ್ಟರಲ್ಲಿ ಸ್ಯಾಟರ್ನ್ ಅಂಗಡಿಗಳೇ ಮುಚ್ಚಿ ನಾಲ್ಕು ವರ್ಷ. ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124. 2015ರಲ್ಲಿ ಕ್ರಿಮಿನಲ್ ಪ್ರಕರಣ ಇತ್ಯರ್ಥಕ್ಕೆ ಜಿಎಂ 900 ಮಿಲಿಯನ್ ಡಾಲರ್ ಕಟ್ಟಿತು. ಜಿಎಂ ತಾನೇ ನೇಮಿಸಿದ ವಕೀಲ ಆಂಟನ್ ವಲುಕಸ್ ಅವರ ವರದಿಯಲ್ಲಿ ‘ಜಿಎಂ ನಾಡ್’ ಅನ್ನೋದರ ವರ್ಣನೆ ಇದೆ. ಮೀಟಿಂಗಿನಲ್ಲಿ ಎಲ್ಲರೂ ಆಗಲಿ ಅಂತ ತಲೆ ಆಡಿಸೋದು, ಆಚೆ ಬಂದು ಯಾರೂ ಏನೂ ಮಾಡದೇ ಇರೋದು. ನಿಮ್ಮ ಮೀಟಿಂಗುಗಳು ನೆನಪಾದರೆ ಅದು ನನ್ನ ತಪ್ಪಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. 1991ರಲ್ಲಿ ಕೂಲೆಂಟ್ ಕೆಟ್ಟದ್ದು ಅಂತ 1,836 ಜನರಿಗೆ ಹೊಸ ಕಾರು. ಹತ್ತು ವರ್ಷದ ನಂತರ, ಅದೇ ಸ್ಯಾಟರ್ನ್ ಹೆಸರಿನ ಕಾರಿನಲ್ಲಿ ಜೀವಕ್ಕೇ ಅಪಾಯ ತರೋ ಸ್ವಿಚ್ಚು, ಮತ್ತು ಹದಿಮೂರು ವರ್ಷದ ಮೌನ. ಸ್ಯಾಟರ್ನ್ ಯಾವತ್ತು ಸತ್ತಿತು ಅಂತ ಕೇಳಿದರೆ ನಾನು 2010 ಅನ್ನಲ್ಲ. ಅಯಾನ್‌ಗೆ ಆ ಸ್ವಿಚ್ ಹಾಕೋಕೆ ಒಪ್ಪಿಕೊಂಡ ದಿನವೇ ಸತ್ತಿತ್ತು. ಅಲ್ಲಿಂದ ಮುಂದೆ ಓಡಾಡಿದ್ದು ಹೆಸರು ಮಾತ್ರ.

ಕೊನೇ ಅಂಕ ಇನ್ನೂ ವಿಚಿತ್ರ. 2006ರ ಸುಮಾರಿಗೆ ಜಿಎಂಗೆ ಜ್ಞಾನೋದಯ ಆದಂತೆ ಸ್ಕೈ, ಆರಾ, ಔಟ್‌ಲುಕ್ ಅಂತ ಸಾಲಾಗಿ ಹೊಸ ಕಾರುಗಳು ಬಂದವು. ಆರಾಗೆ 2007ರ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿಯೂ ಸಿಕ್ಕಿತು. ಒಳ್ಳೇ ಕಾರು ಇಲ್ಲದಾಗ ಒಳ್ಳೇ ಕಂಪನಿ ಇತ್ತು, ಒಳ್ಳೇ ಕಾರು ಬಂದಾಗ ಆ ಕಂಪನಿ ಉಳಿದಿರಲಿಲ್ಲ. 2007ರ ಮಾರ್ಚಿನಲ್ಲಿ ಸ್ಪ್ರಿಂಗ್ ಹಿಲ್‌ನಲ್ಲಿ ಸ್ಯಾಟರ್ನ್ ಕಾರು ಮಾಡೋದೇ ನಿಂತುಹೋಯ್ತು. 2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು. ಆ ವಾರವೇ ರೋಜರ್ ಪೆನ್ಸ್ಕಿ ಅವರ ಕಂಪನಿ ಸ್ಯಾಟರ್ನ್ ಕೊಳ್ಳೋಕೆ ಮುಂದೆ ಬಂತು. ಅವರಿಗೆ ಬೇಕಾಗಿದ್ದು ಕಾರ್ಖಾನೆಯಲ್ಲ. ಹೆಸರು, ಸುಮಾರು 350 ಅಂಗಡಿ, ಮತ್ತು ಅಲ್ಲಿಗೆ ಬರೋ ಗಿರಾಕಿಯ ನಂಬಿಕೆ. ಅಷ್ಟು ವರ್ಷ ಉಪವಾಸ ಕೆಡವಿದ ಮೇಲೂ ಕೊಳ್ಳೋಕೆ ಜನ ಇದ್ದರು ಅನ್ನೋದನ್ನ ಗಮನಿಸಿ. ಮುಂದೆ ಕಾರು ಮಾಡಿಕೊಡೋಕೆ ಬೇರೆ ಕಂಪನಿ ಸಿಗದೆ ಸೆಪ್ಟೆಂಬರ್ 30ರಂದು ಅದು ಮುರಿದುಬಿತ್ತು. 2010ರ ಅಕ್ಟೋಬರಿಗೆ ಅಂಗಡಿಗಳೂ ಹೋದವು.

‘ಸಾರ್, ಬಿಸಿನೆಸ್ ಅಂದ್ರೆ ಇದೇ, ಹಾಕಿದ ಬಿಲಿಯನ್‌ಗಟ್ಟಲೆ ದುಡ್ಡು ವಾಪಸ್ ಬರಲಿಲ್ಲವಲ್ಲ’ ಅಂತ ನೀವು ಕೇಳಬಹುದು. ನಿಜ. ಆದರೆ ಆ ದುಡ್ಡು ಒಂದು ಚಿಕ್ಕ ಕಾರಿಗಾಗಿ ಹಾಕಿದ್ದಲ್ಲ. ಇಲ್ಲಿ ಕಲಿತದ್ದನ್ನ ಇಡೀ ಜಿಎಂಗೆ ಹರಡಬೇಕು ಅಂತ ಹಾಕಿದ್ದು, ಹಾಗಂತ ಅವರೇ ಹೇಳಿದ್ದರು. ಗಿರಾಕಿಗೆ ಸುಳ್ಳು ಹೇಳಬೇಡ, ಲೈನಿನವನ ಮಾತು ಕೇಳು, ತಪ್ಪಾದರೆ ಮುಚ್ಚಿಡಬೇಡ ಅನ್ನೋ ಪಾಠವನ್ನ ಜಿಎಂ ಕಲಿತಿದ್ದರೆ ಸ್ವಿಚ್ಚಿನ ಹಗರಣ ಅಷ್ಟು ವರ್ಷ ಬೆಳೀತಿತ್ತಾ? ಬೀಜದ ಹೊಲ ಮಾಡಿ, ಬೆಳೆದ ಬೀಜವನ್ನ ಬೇರೆ ಹೊಲಗಳಿಗೆ ಬಿತ್ತದೆ, ‘ಈ ಒಂದು ಎಕರೆಯಿಂದ ಏನು ಲಾಭ ಬಂತು’ ಅಂತ ಕೇಳೋ ರೈತನನ್ನ ನಮ್ಮೂರಲ್ಲಿ ಏನಂತಾರೆ ಅಂತ ಇಲ್ಲಿ ಬರೆಯೋಕಾಗಲ್ಲ.

ಈಗ ನಮ್ಮ ವಿಷಯ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ‘ಸ್ಟಾರ್ಟಪ್ ಥರ’ ಅಂತ 30 ಜನರ ಒಂದು ತಂಡ ಕಟ್ಟಿದರು. ನಮಗೆ ಬೇರೆ ಮಹಡಿ, ಬಣ್ಣದ ಬೀನ್ ಬ್ಯಾಗು, ಟೈಮ್‌ಶೀಟ್ ಇಲ್ಲ, ಗಿರಾಕಿ ಜೊತೆ ನೇರ ಮಾತು. ಎರಡು ವರ್ಷ ಸೊಗಸಾಗಿ ನಡೀತು, ಗಿರಾಕಿಗಳು ಹೊಗಳಿ ಪತ್ರ ಬರೆದರು. ತಂಡ ಕಟ್ಟಿದ ಹಿರಿಯರು ಬೇರೆ ಕೆಲಸ ಹಿಡಿದು ಹೋದ ಮೂರು ತಿಂಗಳಿಗೆ ಟೈಮ್‌ಶೀಟ್ ಬಂತು. ಆರು ತಿಂಗಳಿಗೆ ‘ಸಿನರ್ಜಿ’ ಬಂತು, ಒಂದು ವರ್ಷಕ್ಕೆ ತಂಡವೇ ಇರಲಿಲ್ಲ. ವಿದಾಯದ ಈಮೇಲಿನಲ್ಲಿ ನಮ್ಮನ್ನ ಕುಟುಂಬ ಅಂತ ಕರೆದಿದ್ದರು.

ಗಿರಾಕಿಗಳಾಗಿಯೂ ನಮಗೆ ಇದರ ರುಚಿ ಗೊತ್ತು. 2017ರ ಮೇ ತಿಂಗಳಲ್ಲಿ ಅದೇ ಜಿಎಂ, ವರ್ಷಾಂತ್ಯದಿಂದ ಭಾರತದಲ್ಲಿ ಷೆವರ್ಲೆ ಮಾರಲ್ಲ ಅಂತ ಘೋಷಿಸಿದಾಗ, ಬೀಟು, ಸ್ಪಾರ್ಕು, ಟವೇರಾ ಇಟ್ಟುಕೊಂಡವರೆಲ್ಲ ಒಂದೇ ಬೆಳಿಗ್ಗೆ ವಾರಸುದಾರರಿಲ್ಲದ ಕಾರಿನ ಮಾಲೀಕರಾದರು. ನಿಮ್ಮ ಪ್ರೀತಿ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಅಳಿಸೋರು ನಿಮ್ಮನ್ನ ಕೇಳಿ ಅಳಿಸಲ್ಲ.

ಹಾಗಂತ ಒಳ್ಳೇ ಕೆಲಸ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಸ್ಪ್ರಿಂಗ್ ಹಿಲ್‌ನವರು ಮಾಡಿದ್ದು ವ್ಯರ್ಥ ಅಂತಲೂ ಅಲ್ಲ. ಅವರು ಮಾಡಿದ ಕಾರುಗಳು ಓಹಾಯೋದ ಉಪ್ಪಿನ ರಸ್ತೆಗಳಲ್ಲಿ ಕಂಪನಿಗಿಂತ ಹೆಚ್ಚು ಕಾಲ ಓಡಿದವು. ಆದರೆ ನಾಳೆ ನಿಮ್ಮನ್ನ ಯಾರಾದರೂ ಕರೆದು, ‘ನಿಮ್ಮದೊಂದು ಸ್ಪೆಷಲ್ ಟೀಮು, ನಿಮಗೆ ಕಂಪನಿಯ ನಿಯಮ ಯಾವುದೂ ಇಲ್ಲ’ ಅಂದರೆ ಕೇಕ್ ತಿನ್ನೋ ಮೊದಲು ಮೂರು ಪ್ರಶ್ನೆ ಕೇಳಿ. ಈ ನಿಯಮ ಕೆಟ್ಟದ್ದಾದರೆ ಉಳಿದವರಿಗೂ ಯಾಕೆ ತೆಗೀತಿಲ್ಲ? ನಿಮ್ಮ ನಂತರ ಈ ಟೀಮಿನ ಪರವಾಗಿ ಮೇಲಿನವರ ಹತ್ತಿರ ಜಗಳ ಆಡೋರು ಯಾರು? ಎರಡನೇ ಪ್ರಾಡಕ್ಟಿನ ದುಡ್ಡು ಯಾರ ಕೈಲಿದೆ? ಉತ್ತರ ಕೊಡದೆ ಬರೀ ತಲೆ ಆಡಿಸಿದರೆ, ನಿಮ್ಮ ರೆಸ್ಯೂಮೆ ಅಪ್‌ಡೇಟ್ ಮಾಡಿಟ್ಟುಕೊಳ್ಳಿ.